ಎಲ್ಲಿದ್ದೀಯಪ್ಪಾ ತಡೆಗೋಡೆ?

ಮಂಡ್ಯದವರ ಬಗ್ಗೆ ಬೆಂಗಳೂರಿನ ಬುದ್ಧಿವಂತರಿಗೆ ಒಂದು ಖಾಯಂ ಅಭಿಪ್ರಾಯ ಇದೆ. ‘ನಿಮ್ಮೂರ ಜನ ಸಿನಿಮಾ ನೋಡಿ ಓಟು ಹಾಕೋರು ಬಿಡ್ರೀ, ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಯಾರು ಬಂದ್ರೂ ಗೆಲ್ಲಿಸ್ತಾರೆ’ ಅಂತ. ವಿಧಾನಸೌಧದ ಕ್ಯಾಂಟೀನಿನಿಂದ ಹಿಡಿದು ಟಿವಿ ಚರ್ಚೆಯ ತನಕ ಇದೇ ಮಾತು. ಹೇಳುವವರು ನಗ್ತಾರೆ, ಕೇಳುವವರೂ ನಗ್ತಾರೆ. ನಮ್ಮವರೇ ಕೆಲವರು ಪಕ್ಕದಲ್ಲಿ ನಿಂತು ಹಲ್ಲು ಕಿರಿಯುತ್ತಾರೆ.

ಪಿಯುಸಿ ಅರ್ಧಕ್ಕೇ ಬಿಟ್ಟು ವರದಿಗಾರಿಕೆಗೆ ಇಳಿದ ನನ್ನಂಥವನಿಗೂ ಕೂಡು-ಕಳೆ ಲೆಕ್ಕ ಬರುತ್ತೆ ಸ್ವಾಮಿ. ಆದ್ದರಿಂದ ಈ ಸಂಜೆ ಸ್ವಲ್ಪ ಲೆಕ್ಕ ಹಾಕೋಣ.

ಅಂಬರೀಷ್ ಅವರನ್ನೇ ತಗೊಳ್ಳಿ. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯವರು. 1972ರ ‘ನಾಗರಹಾವು’ ಚಿತ್ರದ ಜಲೀಲನಾಗಿ ಬಂದವರು, ಆಮೇಲೆ ‘ಮಂಡ್ಯದ ಗಂಡು’ ಅಂತಲೇ ಆಗಿಬಿಟ್ಟರು. 1998, 1999, 2004, ಮೂರು ಸಲ ಈ ಜಿಲ್ಲೆ ಅವರನ್ನು ಲೋಕಸಭೆಗೆ ಕಳಿಸಿತು, ನಿಜ. ಕೇಂದ್ರದಲ್ಲಿ ರಾಜ್ಯ ಸಚಿವರಾದರು. 2007ರಲ್ಲಿ ಕಾವೇರಿ ನ್ಯಾಯಮಂಡಳಿಯ ಅಂತಿಮ ತೀರ್ಪು ಬಂದಾಗ ಅದನ್ನು ವಿರೋಧಿಸಿ ರಾಜೀನಾಮೆ ಕೊಟ್ಟರು. ಸಿನಿಮಾ ನೋಡಿ ಓಟು ಹಾಕೋ ಜನ ಆಗಿದ್ದರೆ ಇಂಥವರನ್ನು ಸೋಲಿಸೋ ಮಾತೇ ಇರಬಾರದು. ಆದರೆ 2008ರಲ್ಲಿ ಶ್ರೀರಂಗಪಟ್ಟಣದ ವಿಧಾನಸಭಾ ಚುನಾವಣೆಯಲ್ಲಿ ಸೋಲಿಸಿದರು. ಮರುವರ್ಷ 2009ರ ಲೋಕಸಭೆಯಲ್ಲೂ ಸೋಲಿಸಿದರು. ಆಮೇಲೆ 2013ರಲ್ಲಿ ಮಂಡ್ಯದಿಂದ ಶಾಸಕರನ್ನಾಗಿ ಮಾಡಿದರು. ಎತ್ತಿದ್ದೂ ಇದೇ ಜನ, ಇಳಿಸಿದ್ದೂ ಇದೇ ಜನ, ಮತ್ತೆ ಎತ್ತಿದ್ದೂ ಇದೇ ಜನ.

ರಮ್ಯಾ ಅವರ ಕಥೆಯೂ ಅಷ್ಟೇ. 2013ರ ಉಪಚುನಾವಣೆಯಲ್ಲಿ ಗೆದ್ದು ದೆಹಲಿಗೆ ಹೋದರು. ಒಂದು ವರ್ಷ ತುಂಬುವ ಮೊದಲೇ, 2014ರ ಚುನಾವಣೆಯಲ್ಲಿ, ಅದೇ ಜನ ವಾಪಸ್ ಕರೆಸಿಕೊಂಡರು. ಗೆದ್ದವರು ಪುಟ್ಟರಾಜು. ಅವರು ಯಾವ ಪಿಚ್ಚರಿನ ಹೀರೋ ಹೇಳಿ ನೋಡೋಣ!

ಇನ್ನು 2019. ಅದನ್ನು ಮರೆತವರು ಯಾರಿದ್ದಾರೆ? 2018ರಲ್ಲಿ ಜಿಲ್ಲೆಯ ಏಳಕ್ಕೆ ಏಳೂ ವಿಧಾನಸಭಾ ಕ್ಷೇತ್ರ ಜೆಡಿಎಸ್ ಕೈಗೆ ಕೊಟ್ಟಿದ್ದ ಜನ. ಅದರ ಮರುವರ್ಷ ಮುಖ್ಯಮಂತ್ರಿಯ ಮಗ ನಿಖಿಲ್ ಕುಮಾರಸ್ವಾಮಿ ಅಭ್ಯರ್ಥಿ, ಅವರೂ ಸಿನಿಮಾ ನಟರೇ. ಎದುರಿಗೆ ಪಕ್ಷೇತರರಾಗಿ ಸುಮಲತಾ ಅಂಬರೀಷ್, ಚಿಹ್ನೆ ಕಹಳೆ ಊದುವ ರೈತ. ಅದೇ ಹೆಸರಿನ ಇನ್ನೂ ಮೂವರು ಸುಮಲತಾಗಳು ಕಣದಲ್ಲಿ. ದರ್ಶನ್, ಯಶ್ ‘ಜೋಡೆತ್ತು’ ಅಂತ ಊರೂರು ಸುತ್ತಿದರು. ‘ನಿಖಿಲ್ ಎಲ್ಲಿದ್ದೀಯಪ್ಪಾ’ ಅನ್ನೋ ಮಾತು ಎಲ್ಲರ ಮೊಬೈಲಿನಲ್ಲೂ ಕುಣಿಯಿತು. ಕೊನೆಗೆ ಸುಮಲತಾ ಗೆದ್ದಿದ್ದು 1,25,876 ಓಟಿನ ಅಂತರದಲ್ಲಿ. ಏಳು ಶಾಸಕರು, ಮಂತ್ರಿಗಳು, ಮುಖ್ಯಮಂತ್ರಿ, ಎಲ್ಲಾ ಒಂದು ಕಡೆ. ಕಹಳೆ ಇನ್ನೊಂದು ಕಡೆ. ಅದನ್ನು ಸಿನಿಮಾ ಹುಚ್ಚು ಅನ್ನುವವರು ಅನ್ನಲಿ. ಅಧಿಕಾರದಲ್ಲಿರುವವರಿಗೆ ಹೇಳಬೇಕಾದ್ದನ್ನು ಜನ ಹೇಳಿದರು ಅಂತ ನಾನು ಅಂತೀನಿ. ಇಬ್ಬರೂ ಸಿನಿಮಾದ ನಂಟಿನವರೇ ಆದಾಗ ಬರೀ ಸಿನಿಮಾ ನೋಡಿ ಓಟು ಹಾಕೋದು ಹೇಗೆ ಸ್ವಾಮಿ?

2023ರಲ್ಲಿ ಲೆಕ್ಕ ಮತ್ತೆ ತಿರುಗಿತು. ಜೆಡಿಎಸ್‌ಗೆ ಉಳಿದದ್ದು ಕೆ.ಆರ್.ಪೇಟೆ ಒಂದೇ. 2024ರ ಲೋಕಸಭೆಯಲ್ಲಿ ಎಚ್.ಡಿ. ಕುಮಾರಸ್ವಾಮಿ ಅವರೇ ಬಂದು ನಿಂತಾಗ ಎರಡೂ ಮುಕ್ಕಾಲು ಲಕ್ಷಕ್ಕೂ ಹೆಚ್ಚು ಅಂತರದಲ್ಲಿ ಗೆಲ್ಲಿಸಿದರು. ಹೀಗೆ ದೋಸೆ ಮಗುಚಿದ ಹಾಗೆ ಮಗುಚೋ ಜನರನ್ನು ದಡ್ಡರು ಅನ್ನಬೇಡಿ. ಯಾವ ಮಗ್ಗುಲು ಬೆಂದಿದೆ, ಯಾವುದು ಹಸಿ ಇದೆ ಅಂತ ಇವರಿಗೆ ಗೊತ್ತು.

ಬೆಂಗಳೂರಿನವರಿಗೆ ಉತ್ತರ ಇಷ್ಟು ಸಾಕು. ಇನ್ನು ಮುಂದಿನ ಮಾತು ನಮ್ಮ ನಮ್ಮಲ್ಲಿ.

ಓಟು ಹಾಕುವ ದಿನ ನಮಗಿರೋ ಬುದ್ಧಿ ಮಾರನೇ ದಿನ ಎಲ್ಲಿಗೆ ಹೋಗುತ್ತೆ? ಟಾಕೀಸಿನಲ್ಲಿ ‘ಶುಭಂ’ ಬಂದರೆ ಲೈಟ್ ಹಾಕ್ತಾರೆ, ಎದ್ದು ಮನೆಗೆ ಹೋಗ್ತೀವಿ. ಚುನಾವಣೆಯೂ ನಮಗೆ ಹಾಗೇ ಆಗಿದೆ. ಫಲಿತಾಂಶ ಬಂತು, ಪಟಾಕಿ ಹೊಡೆದೆವು, ಶೋ ಮುಗೀತು. 1981ರಲ್ಲಿ ಬಂದ ‘ಅಂತ’ ಚಿತ್ರದಲ್ಲಿ ಪೊಲೀಸ್ ಅಧಿಕಾರಿ ಅಂಬರೀಷ್ ಒಬ್ಬರೇ ಭ್ರಷ್ಟರ ಗುಂಪನ್ನು ಎದುರು ಹಾಕ್ಕೊಂಡರು. ಆ ಪಿಚ್ಚರು ನೋಡಿದ ತಲೆಮಾರು ‘ನಮ್ಮ ಪರವಾಗಿ ಅಣ್ಣ ಹೊಡೀತಾನೆ’ ಅಂತ ಕೈ ಕಟ್ಟಿಕೊಂಡು ಕೂತಿತು. ಮಕ್ಕಳಿಗೂ ಅದೇ ಅಭ್ಯಾಸ ಅಂಟಿದೆ. ಅಣ್ಣ ಅನ್ನೋ ಜಾಗಕ್ಕೆ ಅಕ್ಕ ಬರ್ತಾರೆ, ದೊಡ್ಡ ಗೌಡರ ಮಗ ಬರ್ತಾರೆ. ಕೈ ಕಟ್ಟಿಕೊಂಡ ನಾವು ಮಾತ್ರ ಹಾಗೇ ಇದ್ದೀವಿ.

ಒಂದು ದಿನ ನೆನಪು ಮಾಡಿಕೊಳ್ಳಿ. 24 ನವೆಂಬರ್ 2018, ಶನಿವಾರ. ಆ ರಾತ್ರಿ ಅಂಬರೀಷ್ ತೀರಿಕೊಂಡರು. ಮಾರನೇ ದಿನ ಅವರ ದೇಹ ಹೆಲಿಕಾಪ್ಟರಿನಲ್ಲಿ ಮಂಡ್ಯಕ್ಕೆ ಬಂತು. ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಜನಸಾಗರ. ಅಂಗಡಿ ಮುಂಗಟ್ಟು ಮುಚ್ಚಿದ್ದವು. ಅತ್ತವರ ಕಣ್ಣೀರು ನಾಟಕದ್ದಲ್ಲ. ಬೈದರೂ ಪ್ರೀತಿಯಿಂದ ಬೈಯುವ ಮನುಷ್ಯ, ಮನೆ ಬಾಗಿಲಿಗೆ ಹೋದವರಿಗೆ ಊಟ ಹಾಕುತ್ತಿದ್ದ ಮನುಷ್ಯ. ಅಳಲೇಬೇಕಿತ್ತು, ಅತ್ತರು.

ಆದರೆ ಅದೇ ಶನಿವಾರ ಮಧ್ಯಾಹ್ನ ಇನ್ನೊಂದು ನಡೆದಿತ್ತು. ಪಾಂಡವಪುರ ತಾಲ್ಲೂಕು ಕನಗನಮರಡಿ ಹತ್ತಿರ ಖಾಸಗಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿತು. ಮೂವತ್ತು ಜನ ಸತ್ತರು. ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳು ಅದರಲ್ಲಿದ್ದರು. ನೀರಿನಿಂದ ಮೇಲೆತ್ತಿ ಏರಿ ಮೇಲೆ ಸಾಲಾಗಿ ಮಲಗಿಸಿದ ಚಿತ್ರ ಆ ದಿನ ಎಲ್ಲರ ಫೋನಿನಲ್ಲೂ ಬಂತು. ರಸ್ತೆಗೂ ನಾಲೆಗೂ ನಡುವೆ ಒಂದು ತಡೆಗೋಡೆ ಇದ್ದಿದ್ದರೆ?

ಆ ರಾತ್ರಿ ದೊಡ್ಡ ಸಾವು ಬಂತು, ಮಧ್ಯಾಹ್ನದ ಮೂವತ್ತು ಸಾವು ಪತ್ರಿಕೆಯ ಒಳಪುಟಕ್ಕೆ ಸರಿದವು. ಯಾರ ತಪ್ಪೂ ಅಲ್ಲ, ಸುದ್ದಿ ಇರೋದೇ ಹಾಗೆ. ಆದರೆ ಒಂದು ವಾರ ಕಳೆದ ಮೇಲೆ? ಒಂದು ವರ್ಷ ಕಳೆದ ಮೇಲೆ? ಐದು ತಿಂಗಳಿಗೆ ಚುನಾವಣೆ ಬಂತಲ್ಲ, ಇಡೀ ದೇಶದ ಕ್ಯಾಮೆರಾಗಳು ಮಂಡ್ಯದಲ್ಲೇ ಇದ್ದವಲ್ಲ, ಆಗ ಎಷ್ಟು ಜನ ‘ನಾಲೆ ಏರಿಗೆ ಗೋಡೆ ಯಾವಾಗ ಕಟ್ತೀರಿ’ ಅಂತ ಅಭ್ಯರ್ಥಿಗಳ ಕೊರಳಪಟ್ಟಿ ಹಿಡಿದರು? ನಿಖಿಲ್ ಎಲ್ಲಿದ್ದಾನೆ ಅಂತ ಕೇಳಿದೆವು. ತಡೆಗೋಡೆ ಎಲ್ಲಿದೆ ಅಂತ ಕೇಳಲಿಲ್ಲ.

ಪರಿಣಾಮ ಏನಾಯಿತು? 2023ರಲ್ಲಿ ಅದೇ ವಿ.ಸಿ. ನಾಲೆಗೆ ಒಂದಾದ ಮೇಲೊಂದು ಕಾರು ಬಿದ್ದವು. ಜುಲೈನಲ್ಲಿ ಗಾಮನಹಳ್ಳಿ ಬಳಿ ನಾಲ್ವರು ಹೆಣ್ಣುಮಕ್ಕಳು ಹೋದರು. ನವೆಂಬರಿನಲ್ಲಿ ಪಾಂಡವಪುರದ ಬನಘಟ್ಟದ ಹತ್ತಿರ ಐದು ಜನ ಹೋದರು. ಪ್ರತಿ ಸಲವೂ ಮಂತ್ರಿಗಳು ಬಂದರು, ಏರಿ ಮೇಲೆ ನಿಂತರು, ಅಧಿಕಾರಿಗಳನ್ನು ಗದರಿದರು, ಪರಿಹಾರ ಘೋಷಿಸಿದರು. ಕಾಸು ಕೊಟ್ಟರೆ ಹೋದ ಮಗು ಬರುತ್ತಾ? ಸತ್ತ ಮೇಲೆ ಕೊಡೋ ಲಕ್ಷಗಳನ್ನು ಮೊದಲೇ ಸಿಮೆಂಟು, ಜಲ್ಲಿ, ಕಬ್ಬಿಣಕ್ಕೆ ಹಾಕಿದ್ದರೆ ಏನು ನಷ್ಟವಾಗುತ್ತಿತ್ತು?

ಇನ್ನೊಂದು ಮಾತು. ಇದನ್ನು ಹೇಳಿದರೆ ಕೆಲವರಿಗೆ ಮೆಣಸಿನಕಾಯಿ ಇಟ್ಟ ಹಾಗೆ ಆಗುತ್ತೆ, ಆದರೂ ಹೇಳ್ತೀನಿ. ಆರು ವರ್ಷದೊಳಗೆ ಇಬ್ಬರು ಹೆಣ್ಣುಮಕ್ಕಳನ್ನು ಲೋಕಸಭೆಗೆ ಕಳಿಸಿದ ಜಿಲ್ಲೆ ಇದು. ಎಷ್ಟು ಹೆಮ್ಮೆ ನಮಗೆ! ಅದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮೆಷಿನ್ನು ಇಟ್ಟುಕೊಂಡು ಹೊಟ್ಟೆಯಲ್ಲಿರೋದು ಗಂಡೋ ಹೆಣ್ಣೋ ಅಂತ ಹೇಳುವ ದಂಧೆ ನಡೀತಿತ್ತು ಅಂತ 2023ರ ಕೊನೆಯಲ್ಲಿ ಬೆಂಗಳೂರಿನ ಪೊಲೀಸರು ಬಯಲು ಮಾಡಿದರು. ಗಮನಿಸಿ, ಬೆಂಗಳೂರಿನ ಪೊಲೀಸರು. ನಮ್ಮಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲವಂತೆ. ಬೆಲ್ಲ ಬೇಯಿಸೋ ಜಾಗದಲ್ಲಿ ಇಂಥ ಕೆಲಸ. 2024ರಲ್ಲಿ ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ಕ್ವಾರ್ಟರ್ಸಿನಲ್ಲೇ ಇನ್ನೊಂದು ಪ್ರಕರಣ. ಇದನ್ನು ತಡೆಯುವ ಕಾನೂನು ಬಂದಿದ್ದು 1994ರಲ್ಲಿ. ಕಾನೂನಿಗೆ ಮೂವತ್ತು ವರ್ಷ ತುಂಬಿದರೂ ನಮ್ಮ ಬುದ್ಧಿಗೆ ಇನ್ನೂ ತುಂಬಿಲ್ಲ. ‘ಮಂಡ್ಯದ ಗಂಡು’ ಅಂತ ಲಾರಿ, ಆಟೋ ಹಿಂದೆ ಬರೆಸಿಕೊಳ್ಳೋರು ಮಂಡ್ಯದ ಹೆಣ್ಣು ಹುಟ್ಟೋದಕ್ಕಾದರೂ ಬಿಡಬೇಕಲ್ಲವಾ?

ಇದನ್ನೆಲ್ಲ ಹಳ್ಳಿ ಮಟ್ಟದಲ್ಲಿ ನಿಗಾ ಇಡುವವರು ಯಾರು? ಏರಿ ರಸ್ತೆಯಲ್ಲಿ ದಿನಾ ಓಡಾಡೋರು, ಆಲೆಮನೆ ಮುಂದೆ ರಾತ್ರಿ ಹೊತ್ತು ಹೊರಗಿನ ಕಾರು ಯಾಕೆ ನಿಂತಿದೆ ಅಂತ ಕೇಳೋರು ಯಾರು? ಎಂಎಲ್ಎ ಬೆಂಗಳೂರಿನಲ್ಲಿ, ಎಂಪಿ ದೆಹಲಿಯಲ್ಲಿ. ಕೈಗೆ ಸಿಗಬೇಕಾದವರು ತಾಲ್ಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ ಮೆಂಬರುಗಳು. ಅಬ್ದುಲ್ ನಜೀರ್ ಸಾಬ್ ಅವರು ಹೋರಾಡಿ ತಂದ ಕಾಯ್ದೆಯಿಂದ 1987ರಲ್ಲಿ ಈ ರಾಜ್ಯದಲ್ಲಿ ಜಿಲ್ಲಾ ಪರಿಷತ್ತಿಗೆ ಚುನಾವಣೆ ನಡೆದಾಗ ದೇಶವೇ ತಿರುಗಿ ನೋಡಿತ್ತು. ಆಮೇಲೆ 1993ರಲ್ಲಿ ಸಂವಿಧಾನಕ್ಕೇ ಸೇರಿತು: ಐದು ವರ್ಷ ಮುಗಿಯೋದರೊಳಗೆ ಚುನಾವಣೆ ಆಗಲೇಬೇಕು ಅಂತ. ಅಂಥ ರಾಜ್ಯದಲ್ಲಿ 2021ರಲ್ಲಿ ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಒಂದೊಂದು ಕಾರಣ. ಒಂದು ಪಕ್ಷ ಹೋಗಿ ಇನ್ನೊಂದು ಪಕ್ಷದ ಸರ್ಕಾರ ಬಂತು, ಕಾರಣ ಮಾತ್ರ ಬದಲಾಗಲಿಲ್ಲ. ಮೆಂಬರುಗಳ ಕುರ್ಚಿಗೆ ಧೂಳು ಹಿಡೀತು, ಅಧಿಕಾರಿಗಳ ಸಹಿಯಲ್ಲೇ ಕಡತ ಓಡಿತು.

ಎಂಎಲ್ಎ ಸಾಹೇಬರುಗಳಿಗೆ ಇದರಿಂದ ಬೇಜಾರೇನಿಲ್ಲ. ಕೆಳಗೊಬ್ಬ ಲೀಡರು ಬೆಳೆದರೆ ನಾಳೆ ಟಿಕೆಟಿಗೆ ಪೈಪೋಟಿ. ಅವರು ಸುಮ್ಮನಿರೋದು ಅರ್ಥವಾಗುತ್ತೆ. ನಾವು ಯಾಕೆ ಸುಮ್ಮನಿದ್ದೀವಿ? ಪಕ್ಕದ ಮನೆಯವರು ಯಾವ ನಟನ ಅಭಿಮಾನಿ ಅಂತ ಗೊತ್ತು, ನಮ್ಮ ಕ್ಷೇತ್ರದ ಕೊನೇ ಜಿಲ್ಲಾ ಪಂಚಾಯ್ತಿ ಮೆಂಬರ್ ಯಾರಿದ್ದರು ಅಂತ ಥಟ್ಟನೆ ಹೇಳಿ ನೋಡೋಣ.

ಕೇಳಿದರೆ ಸಿಗಲ್ಲ ಅನ್ನೋ ಮಾತು ಬೇಡ. ನಮ್ಮ ಜನಕ್ಕೆ ಕೇಳೋದು ಗೊತ್ತಿದೆ. ಮೈಷುಗರ್ ಕಾರ್ಖಾನೆ ನೋಡಿ. 1933ರಲ್ಲಿ ಶುರುವಾದದ್ದು, ಮುಚ್ಚಿ ಬಾಗಿಲಿಗೆ ಬೀಗ ಬಿದ್ದಾಗ ಖಾಸಗಿಯವರಿಗೆ ಕೊಡೋಕೆ ಹೊರಟಿದ್ದರು. ರೈತರು ರಸ್ತೆಗಿಳಿದು ಕೂತರು, ಜಗ್ಗಲಿಲ್ಲ. 2022ರಲ್ಲಿ ಸರ್ಕಾರವೇ ಮತ್ತೆ ಕಬ್ಬು ಅರೆಯೋಕೆ ಶುರು ಮಾಡಿತು.

ಅಷ್ಟು ದೂರ ಯಾಕೆ, 2024ರ ಡಿಸೆಂಬರಿನಲ್ಲಿ ನಮ್ಮೂರಲ್ಲೇ ನಡೆದ 87ನೇ ಸಾಹಿತ್ಯ ಸಮ್ಮೇಳನ ನೆನಪಿದೆಯಲ್ಲ? ‘ಬಾಡೂಟ ಹಾಕಿ’ ಅಂತ ಎದ್ದ ಕೂಗು! ಬೆಂಗಳೂರಿನವರು ಅದಕ್ಕೂ ನಕ್ಕರು. ನಾನು ನಗಲಿಲ್ಲ. ಮನೆಗೆ ನೆಂಟರು ಬಂದರೆ ಬಾಡು ಬೇಯಿಸೋ ಊರು, ಮನೆ ಊಟವನ್ನೇ ಕದ್ದು ಉಣ್ಣೋ ಹಾಗೆ ಮಾಡಿದರೆ ಕೇಳದೇ ಬಿಡ್ತಾರಾ? ಹಟ ಹಿಡಿದರು, ಮನವಿ ಕೊಟ್ಟರು, ಧರಣಿ ಕೂತರು. ಕೊನೇ ದಿನದ ಊಟಕ್ಕೆ ಎಲೆ ಮೇಲೆ ಮೊಟ್ಟೆ ಬಂತು. ಸಣ್ಣದೇ ಇರಬಹುದು, ಗೆದ್ದಿದ್ದು ಗೆದ್ದಿದ್ದೇ.

ಮೊಟ್ಟೆ ಕೇಳಿ ತಗೊಂಡ ಜನಕ್ಕೆ ಗೋಡೆ ಕೇಳೋದು ಕಷ್ಟವಾ?

ಆದ್ದರಿಂದ ಸಹೃದಯ ಓದುಗರೇ, ಮುಂದಿನ ಸಲ ಯಾರೇ ಬರಲಿ, ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಬರಲಿ, ಹಸಿರು ಟವೆಲ್ ಹೊದ್ದು ಬರಲಿ, ಹಾರ ಹಾಕಿ, ಸೆಲ್ಫಿ ತಗೊಳ್ಳಿ, ಬೇಡ ಅನ್ನಲ್ಲ. ಆದರೆ ಕೈ ಬಿಡೋ ಮುಂಚೆ ಮೂರು ಪ್ರಶ್ನೆ ಕೇಳಿ. ವಿ.ಸಿ. ನಾಲೆಯ ಉದ್ದಕ್ಕೂ ಅಪಾಯದ ತಿರುವು ಎಷ್ಟಿವೆ, ಎಷ್ಟಕ್ಕೆ ಗೋಡೆ ಕಟ್ಟಿಸಿದ್ದೀರಿ? ಭ್ರೂಣಲಿಂಗ ಪತ್ತೆ ಕೇಸಿನಲ್ಲಿ ಸಿಕ್ಕವರಿಗೆ ಏನು ಶಿಕ್ಷೆ ಕೊಡಿಸಿದ್ದೀರಿ? ನಮ್ಮ ಪಂಚಾಯ್ತಿ ಚುನಾವಣೆ ಹೊತ್ತಿಗೆ ಸರಿಯಾಗಿ ಮಾಡಿಸ್ತೀರಾ, ಇಲ್ಲವಾ?

ಉತ್ತರ ಬಂದರೆ ಓಟು. ಬರದಿದ್ದರೆ ದೋಸೆ ಮಗುಚೋದು ಹೇಗೆ ಅಂತ ಮಂಡ್ಯದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.