ಗಿಣ್ಣು ಮೊದಲು ಯಾರಿಗೆ?

ಹಸು ಈದ ಮನೆಯಲ್ಲಿ ಮಕ್ಕಳು ಕಾಯುವುದು ಬೆಲ್ಲ, ಏಲಕ್ಕಿ ಹಾಕಿದ ಗಿಣ್ಣಿಗಾಗಿ. ಆದರೆ ಆ ಹಾಲಿನ ಮೊದಲ ಹಕ್ಕುದಾರ ಕರು. ಮನುಷ್ಯರ ಶಿಶುವಿಗೆ ರೋಗ ತಡೆಯುವ ಪ್ರತಿಕಾಯಗಳು ತಾಯಿಯ ಗರ್ಭದಲ್ಲೇ ದೊರೆಯುತ್ತವೆ. ಕರುವಿಗೆ ಹಾಗಲ್ಲ, ಅವು ಗಿಣ್ಣುಹಾಲಿನಿಂದಲೇ ಬರಬೇಕು. ಅವನ್ನು ಹಾಗೆಯೇ ರಕ್ತಕ್ಕೆ ಸೇರಿಸುವ ಶಕ್ತಿ ಕರುವಿನ ಕರುಳಿಗೆ ಇರುವುದು ಸುಮಾರು 24 ಗಂಟೆ ಮಾತ್ರ. ಅದೂ ಗಂಟೆಗಂಟೆಗೂ ಕುಗ್ಗುತ್ತದೆ. ಆದ್ದರಿಂದ ಮಾಸು ಬೀಳಲಿ ಎಂದು ಕಾಯುವುದು ತಪ್ಪು. ಹುಟ್ಟಿದ 2 ಗಂಟೆಯೊಳಗೆ ಗಿಣ್ಣುಹಾಲು ಕುಡಿಸಬೇಕು. ದಿನಕ್ಕೆ ಕರುವಿನ ತೂಕದ ಹತ್ತನೇ ಒಂದು ಪಾಲು, ಅಂದರೆ 25 ಕಿಲೋ ಕರುವಿಗೆ ಎರಡೂವರೆ ಲೀಟರ್, ಎರಡು ಮೂರು ಸಲವಾಗಿ ಕೊಡಬೇಕು. ಉಳಿದದ್ದರಲ್ಲಿ ಗಿಣ್ಣು ಮಾಡಿದರೆ ಕರುವಿಗೂ ಕ್ಷೇಮ, ಮಕ್ಕಳಿಗೂ ಸಿಹಿ.