ನಾರು ನಮ್ಮದು, ಅಂಟು ಯಾವುದು?

ಮಕ್ಕಳೇ, ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಹೊಲದ ಬದುಗಳಲ್ಲಿ ಕತ್ತಾಳೆಯನ್ನು ನೋಡಿದ್ದೀರಿ. ಅದರ ನಾರಿನಿಂದ ಹಗ್ಗ ಹೊಸೆಯುತ್ತಾರೆ.

ಮಣ್ಣಿಗೆ ಹುಲ್ಲು ಬೆರೆಸಿದರೆ ಗೋಡೆ ಬಿರುಕು ಬಿಡುವುದು ಕಡಿಮೆ. ಹಾಗೆಯೇ ಪ್ಲಾಸ್ಟಿಕ್ಕಿಗೆ ಈ ನಾರು ಬೆರೆಸಿದರೆ ಗಟ್ಟಿ ಹಲಗೆ ಸಿದ್ಧ. ಇದೇ ಸಂಯೋಜಿತ ವಸ್ತು; ಪ್ಲಾಸ್ಟಿಕ್ಕೇ ಇಲ್ಲಿ ಅಂಟು. ಗಾಜಿನ ಎಳೆ ನೀರಿಗಿಂತ ಸುಮಾರು 2.5 ಪಟ್ಟು ಸಾಂದ್ರ, ಕತ್ತಾಳೆ ನಾರು ಸುಮಾರು 1.5 ಪಟ್ಟು ಮಾತ್ರ. ಹಾಗಾಗಿ ನಾರಿನ ಹಲಗೆ ಹಗುರ.

ಆದರೂ ಇದನ್ನು ‘ಪರಿಸರಸ್ನೇಹಿ’ ಎಂದು ಕೂಡಲೇ ಒಪ್ಪಬೇಡಿ. ನಾರು ಮಣ್ಣಿನಲ್ಲಿ ಕೊಳೆಯುತ್ತದೆ, ಸಾಮಾನ್ಯ ಪ್ಲಾಸ್ಟಿಕ್ ಕೊಳೆಯದು. ಎರಡನ್ನೂ ಬೇರ್ಪಡಿಸುವುದು ಕಷ್ಟ. ಕೊಳೆಯುವ ಅಂಟು ಸೇರಿದಾಗಲೇ ಕೆಲಸ ಪೂರ್ತಿ.

ಈ ಮಳೆಗಾಲ ಕತ್ತಾಳೆ ಹಗ್ಗ, ಪ್ಲಾಸ್ಟಿಕ್ ಹಗ್ಗ ಎರಡರ ತುಂಡನ್ನೂ ಶಾಲೆಯಂಗಳದಲ್ಲಿ ಹೂತಿಡಿ. ದೀಪಾವಳಿಗೆ ತೆಗೆದು ನೋಡಿ.