ನಿನ್ನೆಯ ಮಳೆ ನೆನಪಿಡುವ ದಾಳ

ಟೇಬಲ್‌ಟಾಪ್ ರೋಲ್-ಪ್ಲೇಯಿಂಗ್ ಗೇಮ್ ಆಡೋರು ನಮ್ಮ ಕಾಲೇಜಿನಲ್ಲಿ ಈಗ ಒಂದಷ್ಟು ಜನ ಇದ್ದೀವಿ. ಆಡದವರಿಗೆ ಚುಟುಕಾಗಿ ಹೇಳೋದಾದರೆ, ಇದು ಎಲ್ಲರೂ ಸೇರಿ ಕಟ್ಟುವ ಒಂದು ಕಥೆ. ಒಬ್ಬರು ಕಥೆ ನಡೆಸ್ತಾರೆ, ಅವರನ್ನು ಡಿಎಂ ಅಂತೀವಿ. ಉಳಿದವರು ಒಂದೊಂದು ಪಾತ್ರ ಹಿಡಿದು, ಕಾಡು, ಕೋಟೆ, ಗುಹೆ ಎಲ್ಲ ಸುತ್ತುತ್ತಾರೆ. ಹಾರಿದ್ದು ದಾಟಿತಾ, ಹೊಡೆದದ್ದು ತಗುಲಿತಾ ಅನ್ನೋದನ್ನ ದಾಳ ತೀರ್ಮಾನ ಮಾಡುತ್ತೆ. ಇದಕ್ಕೆಲ್ಲ ಮೂಲ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್.

ಈ ಆಟಗಳ ಬಗ್ಗೆ ನಮ್ಮದೊಂದು ಅಭಿಪ್ರಾಯ ಇದೆ. ಹವಾಮಾನಕ್ಕೆ ನಿಯಮ ಇರಲೇಬೇಕು. ಅದು ಒಂದು ಪುಟ ಮೀರಬಾರದು. ಮತ್ತು ಆ ನಿಯಮಕ್ಕೆ ನಿನ್ನೆ ಏನಾಯ್ತು ಅನ್ನೋದು ನೆನಪಿರಬೇಕು. ಮೊದಲೆರಡನ್ನು ಬಹಳ ಜನ ಒಪ್ಪುತ್ತಾರೆ. ಮೂರನೆಯದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡಲ್ಲ, ಅದಕ್ಕೇ ಈ ಲೇಖನ.

ಪುಸ್ತಕದ ಮಳೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯ 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಒಂದು ಪುಟ್ಟ ಹವಾಮಾನ ಕೋಷ್ಟಕ ಇದೆ. 20 ಮುಖದ ದಾಳವನ್ನು ಮೂರು ಸಲ ಉರುಳಿಸಬೇಕು: ಒಂದು ಸಲ ತಾಪಮಾನಕ್ಕೆ, ಒಂದು ಗಾಳಿಗೆ, ಒಂದು ಮಳೆ ಅಥವಾ ಹಿಮಕ್ಕೆ. ಮಳೆಯ ಸಾಲಿನಲ್ಲಿ 1ರಿಂದ 12 ಬಿದ್ದರೆ ಏನೂ ಇಲ್ಲ, 13ರಿಂದ 17 ಬಿದ್ದರೆ ಸಣ್ಣ ಮಳೆ, 18ರಿಂದ 20 ಬಿದ್ದರೆ ಜೋರು ಮಳೆ. ಸರಳವಾಗಿದೆ, ಬೇಗ ಮುಗಿಯುತ್ತೆ, ಆ ಮಟ್ಟಿಗೆ ಒಳ್ಳೆಯದೇ.

ಈಗ ಸ್ವಲ್ಪ ಲೆಕ್ಕ ಹಾಕೋಣ. ಯಾವುದೇ ದಿನ ಮಳೆ ಬರುವ ಸಂಭವ 20ರಲ್ಲಿ 8, ಅಂದರೆ 0.4. ಪ್ರತಿ ದಿನದ ದಾಳ ಬೇರೆ ಬೇರೆ, ನಿನ್ನೆಗೂ ಇವತ್ತಿಗೂ ಸಂಬಂಧವೇ ಇಲ್ಲ. ಹಾಗಾದರೆ ಏಳು ದಿನ ಬಿಡದೆ ಮಳೆ ಬರುವ ಸಂಭವ ಎಷ್ಟು? 0.4ನ್ನು ಏಳು ಸಲ ಗುಣಿಸಿ. ಸುಮಾರು 610ರಲ್ಲಿ ಒಂದು! ಈ ಸಂಖ್ಯೆಯನ್ನು ತೀರ್ಥಹಳ್ಳಿ ಕಡೆಯ ಯಾರಿಗಾದರೂ ಹೇಳಿ ನೋಡಿ. ಜುಲೈನಲ್ಲಿ ಒಂದು ವಾರ ಸತತ ಮಳೆ ಅನ್ನೋದು ಅಲ್ಲಿ ಸುದ್ದಿಯೇ ಅಲ್ಲ, ಬಟ್ಟೆ ಒಣಗದ ಇನ್ನೊಂದು ವಾರ ಅಷ್ಟೇ.

ತಾಪಮಾನದ ಕಡೆಯೂ ಇದೇ ಕತೆ. ಅದೇ ಪುಸ್ತಕದಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದು ವಿಪರೀತ ಸೆಖೆ. ಕುಡಿಯೋಕೆ ನೀರಿಲ್ಲದ ಪಾತ್ರ ಪ್ರತಿ ಗಂಟೆಗೂ ದಾಳ ಉರುಳಿಸಿ ಬಚಾವಾಗಬೇಕು, ಇಲ್ಲದಿದ್ದರೆ ಬಳಲಿಕೆ ಒಂದು ಮಟ್ಟ ಏರುತ್ತೆ. ಆರನೇ ಮಟ್ಟಕ್ಕೆ ಸಾವು. ರಾಯಚೂರಿನವರು ಏಪ್ರಿಲ್, ಮೇನಲ್ಲಿ ಇದಕ್ಕಿಂತ ಜಾಸ್ತಿ ಬಿಸಿಲಲ್ಲಿ ಸಂತೆಗೆ ಹೋಗಿ ಬರ್ತಾರೆ.

ಪುಸ್ತಕವನ್ನು ಬೈಯೋದು ನಮ್ಮ ಉದ್ದೇಶ ಅಲ್ಲ. ಪ್ರದೇಶಕ್ಕೆ, ಋತುವಿಗೆ ತಕ್ಕ ಹಾಗೆ ಬದಲಿಸಿಕೊಳ್ಳಿ ಅಂತ ಆ ಪುಸ್ತಕವೇ ಹೇಳುತ್ತೆ. ಗೈಗ್ಯಾಕ್ಸ್ ಇದ್ದದ್ದು ಅಮೆರಿಕದ ವಿಸ್ಕಾನ್ಸಿನ್‌ನ ಲೇಕ್ ಜಿನೀವಾದಲ್ಲಿ, ಆರ್ನೆಸನ್ ಮಿನೆಸೋಟದವರು. ಎರಡೂ ಕಡೆ ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟುತ್ತೆ. ಅಲ್ಲಿ ಬೆಳೆದ ಆಟದಲ್ಲಿ ಹಿಮಕ್ಕೆ ಜಾಗ ಸಿಕ್ಕಿದ್ದು ಸಹಜ. ಮುಂಗಾರಿಗೆ ಜಾಗ ಮಾಡೋದು ನಮ್ಮ ಕೆಲಸ.

ಅತಿಯಾದರೆ ಅದೂ ಕಷ್ಟ

ಹಾಗಂತ ನಿಜವಾದ ಹವಾಮಾನವನ್ನೇ ಟೇಬಲ್ ಮೇಲೆ ತರೋಕೆ ಹೊರಟರೆ ಆಟ ನಿಂತೇಹೋಗುತ್ತೆ. 1983ರ ವರ್ಲ್ಡ್ ಆಫ್ ಗ್ರೇಹಾಕ್ ಪೆಟ್ಟಿಗೆಯಲ್ಲಿ ತಿಂಗಳು ತಿಂಗಳಿಗೂ ಮೂಲ ತಾಪಮಾನ, ಅದಕ್ಕೆ ದಿನದ ಏರಿಳಿತ, ಆಕಾಶದ ಸ್ಥಿತಿ, ಮಳೆಯ ಸಂಭವ, ಗಾಳಿಯ ವೇಗ ಅಂತ ಕೋಷ್ಟಕದ ಮೇಲೆ ಕೋಷ್ಟಕ. ಓದೋಕೆ ಖುಷಿಯಾಗುತ್ತೆ, ಸುಳ್ಳು ಹೇಳಲ್ಲ. ಆದರೆ ಐದು ಜನ ದಾಳ ಹಿಡ್ಕೊಂಡು ಕಾಯ್ತಾ ಕೂತಿರುವಾಗ ಡಿಎಂ ಕ್ಯಾಲ್ಕುಲೇಟರ್ ತೆಗೆದರೆ, ಹತ್ತೇ ನಿಮಿಷದಲ್ಲಿ ಎಲ್ಲರೂ ಮೊಬೈಲ್ ನೋಡ್ತಾ ಇರ್ತಾರೆ.

ಹವಾಮಾನದ ಯಾವ ನಿಯಮ ಉಳಿಸಬೇಕು, ಯಾವುದನ್ನು ಬಿಡಬೇಕು ಅನ್ನೋದಕ್ಕೆ ನಾವು ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೀವಿ: ಈ ನಿಯಮದಿಂದ ಆಟಗಾರರು ಬೇರೆ ಏನಾದರೂ ಮಾಡ್ತಾರಾ? ತಾಪಮಾನ 24 ಡಿಗ್ರಿಯೋ 27 ಡಿಗ್ರಿಯೋ ಅಂತ ಗೊತ್ತಾದರೆ ಯಾರೂ ಏನೂ ಬದಲಿಸಲ್ಲ, ಹಾಗಾಗಿ ಅದು ಬೇಡ. ನಾಳೆ ಹೊಳೆ ದಾಟೋಕೆ ಆಗಲ್ಲ ಅಂತ ಗೊತ್ತಾದರೆ ಅರ್ಧ ಗಂಟೆ ಚರ್ಚೆ ನಡೆಯುತ್ತೆ, ಹಾಗಾಗಿ ಅದು ಬೇಕು.

ನಮ್ಮ ಏಣಿ

ಈಗ ನಾವು ಆಡುವ ನಿಯಮ. ಆರು ಮೆಟ್ಟಿಲಿನ ಒಂದು ಏಣಿ ಅಂದ್ಕೊಳ್ಳಿ.

1. ಬಿಸಿಲು
2. ಮೋಡ
3. ಸೋನೆ: ಹೆಜ್ಜೆ ಗುರುತು ಅಳಿಸಿಹೋಗುತ್ತೆ, ಯಾರೂ ಯಾರನ್ನೂ ಜಾಡು ಹಿಡಿಯೋಕೆ ಆಗಲ್ಲ.
4. ಮಳೆ: ಬಯಲಲ್ಲಿ ಪಂಜು ಉರಿಯಲ್ಲ. ಬೆಂಕಿ ಬೇಕಾದರೆ ಒಣ ಸೌದೆ ಹೊತ್ತು ತಂದಿರಬೇಕು.
5. ಜಡಿಮಳೆ: ದಿನಕ್ಕೆ ನಡೆಯುವ ದೂರ ಅರ್ಧ. ದೂರದ್ದು ಕಾಣಲ್ಲ, ಕೇಳಲ್ಲ.
6. ಗಾಳಿಮಳೆ: ಬಿಲ್ಲು ಬಾಣ ನಡೆಯಲ್ಲ. ಸೂರು ಇಲ್ಲದೆ ಮಲಗಿದರೆ ವಿಶ್ರಾಂತಿ ಸಿಗಲ್ಲ.

ಮೇಲಿನ ಮೆಟ್ಟಿಲಿಗೆ ಕೆಳಗಿನ ಮೆಟ್ಟಿಲಿನ ತೊಂದರೆಗಳೂ ಸೇರುತ್ತವೆ. ಆಟದೊಳಗೆ ಬೆಳಗಾದಾಗ ಮಾಮೂಲಿ ಆರು ಮುಖದ ದಾಳ ಒಂದು ಸಲ ಉರುಳಿಸಿ. ಮಳೆಗಾಲದಲ್ಲಿ 1 ಬಿದ್ದರೆ ಒಂದು ಮೆಟ್ಟಿಲು ಇಳಿಯಿರಿ, 2, 3, 4 ಬಿದ್ದರೆ ಅಲ್ಲೇ ಇರಿ, 5 ಅಥವಾ 6 ಬಿದ್ದರೆ ಒಂದು ಮೆಟ್ಟಿಲು ಹತ್ತಿ. ಬೇಸಗೆಯಲ್ಲಿ ಇದರ ಉಲ್ಟಾ: 1, 2 ಬಿದ್ದರೆ ಇಳಿಯಿರಿ, 6 ಬಿದ್ದರೆ ಮಾತ್ರ ಹತ್ತಿ. ಮೊದಲ ಮೆಟ್ಟಿಲಲ್ಲಿ ಇಳಿಯೋಕೆ ಜಾಗ ಇಲ್ಲ, ಅಲ್ಲೇ ಇರಿ. ಗಾಳಿಮಳೆ ಒಂದೇ ದಿನ, ಮಾರನೇ ಬೆಳಗ್ಗೆ ದಾಳ ಇಲ್ಲದೆಯೇ 4ನೇ ಮೆಟ್ಟಿಲಿಗೆ ಬನ್ನಿ. ಇಷ್ಟೇ.

ಮೂರನೇ ಸೆಮ್‌ನ ಗಣಿತ ನೆನಪಿದ್ದವರಿಗೆ ಇದು ಏನು ಅಂತ ಹೊಳೆದಿರುತ್ತೆ. ಹೌದು, ಮಾರ್ಕೋವ್ ಸರಪಳಿ. ಇವತ್ತಿನ ಸ್ಥಿತಿ ಗೊತ್ತಿದ್ದರೆ ನಾಳೆಯ ಸಂಭವನೀಯತೆ ಹೇಳಬಹುದು, ಅದರ ಹಿಂದಿನ ಚರಿತ್ರೆ ಬೇಕಿಲ್ಲ. ಆಂದ್ರೇ ಮಾರ್ಕೋವ್ 1913ರಲ್ಲಿ ಇದನ್ನು ಪುಷ್ಕಿನ್‌ನ ಕಾವ್ಯದ 20,000 ಅಕ್ಷರಗಳ ಮೇಲೆ ಪ್ರಯೋಗಿಸಿದ. 1962ರಲ್ಲಿ ಗೇಬ್ರಿಯಲ್ ಮತ್ತು ನ್ಯೂಮನ್ ಟೆಲ್ ಅವೀವ್‌ನ ದಿನದಿನದ ಮಳೆಗೆ ಇದೇ ಮಾದರಿ ಹೊಂದಿಸಿದರು. ಮಳೆ ಬಂದ ಮಾರನೇ ದಿನ ಮಳೆ ಬರುವ ಸಂಭವ ಜಾಸ್ತಿ ಅನ್ನೋದು ಅದರ ತಿರುಳು. ಇಂಟರ್ನಲ್ಸ್‌ಗೆ ಓದಿ ಮರೆತ ಮ್ಯಾಟ್ರಿಕ್ಸ್ ಹೀಗೆ ಉಪಯೋಗಕ್ಕೆ ಬರುತ್ತೆ ಅಂತ ಯಾರು ಎಣಿಸಿದ್ದರು!

ನಮ್ಮ ಏಣಿಯ ಸ್ಥಿರ ಸ್ಥಿತಿ ಲೆಕ್ಕ ಹಾಕಿದರೆ, ಮಳೆಗಾಲದ 100 ದಿನದಲ್ಲಿ ಸುಮಾರು 86 ದಿನ ಒಂದಲ್ಲ ಒಂದು ಥರದ ಮಳೆ, ಅದರಲ್ಲಿ 8 ದಿನ ಗಾಳಿಮಳೆ. ಬೇಸಗೆಯ 100 ದಿನದಲ್ಲಿ ಮಳೆ ಸುಮಾರು 22 ದಿನ. ಮಲೆನಾಡಿಗೆ ಹತ್ತಿರದ ಲೆಕ್ಕ ಇದು. ಇದನ್ನೇ ಇನ್ನೂ ಬಣ್ಣ ಬಣ್ಣವಾಗಿ ಮಾಡುವ ಹೆಕ್ಸ್ ಫ್ಲವರ್ ಅಂತ ಒಂದು ವಿಧಾನ ಇದೆ. 19 ಷಟ್ಕೋನಗಳ ಹೂವಿನ ಮೇಲೆ ಎರಡು ದಾಳದ ಮೊತ್ತ ನೋಡಿ ಕಾಯಿ ನಡೆಸೋದು. ಚೆನ್ನಾಗಿದೆ, ಆದರೆ ಅದಕ್ಕೆ ಅಚ್ಚು ಹಾಕಿದ ಹಾಳೆ ಬೇಕು. ಏಣಿ ಆದರೆ ನೋಟ್‌ಬುಕ್ಕಿನ ಮಾರ್ಜಿನ್‌ನಲ್ಲೇ ಆಗುತ್ತೆ.

ಕೊನೆಯದಾಗಿ ಹೊಳೆ. ಅದಕ್ಕೊಂದು ಎಣಿಕೆ ಇಡಿ, 0ಯಿಂದ 6ರವರೆಗೆ. ಜಡಿಮಳೆ, ಗಾಳಿಮಳೆ ದಿನ ಒಂದು ಕೂಡಿಸಿ. 4ನೇ ಮೆಟ್ಟಿಲಲ್ಲಿ ಹಾಗೇ ಬಿಡಿ. ಅದಕ್ಕಿಂತ ಕೆಳಗಿದ್ದರೆ ಒಂದು ಕಳೆಯಿರಿ. ಎಣಿಕೆ 3 ಮುಟ್ಟಿದರೆ ಗಾಡಿ, ಕುದುರೆ ದಾಟಲ್ಲ. 6 ಮುಟ್ಟಿದರೆ ದೋಣಿಯವನೂ ಬರಲ್ಲ. ಮಳೆ ನಿಂತ ಮಾರನೇ ದಿನವೇ ಹೊಳೆ ಇಳಿಯಲ್ಲ ಅನ್ನೋ ಸತ್ಯ ಈ ಒಂದು ಎಣಿಕೆಯಲ್ಲೇ ಬಂದುಬಿಡುತ್ತೆ.

ನೆನಪಿದ್ದರೆ ಏನು ಲಾಭ

"ಇಷ್ಟೆಲ್ಲ ಯಾಕೆ, ಡಿಎಂ ತನಗೆ ಬೇಕಾದಾಗ ಮಳೆ ತರಿಸಿದರೆ ಆಯ್ತಲ್ವಾ?" ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಕಥೆಗೆ ಬೇಕಾದ ಹೊತ್ತಿಗೆ ಸಿಡಿಲು ಹೊಡೆದರೆ ರೋಮಾಂಚನ ಆಗುತ್ತೆ. ಆದರೆ ಆಟಗಾರರು ಒಂದು ಒಳ್ಳೆ ಉಪಾಯ ಮಾಡಿ ಕೋಟೆಗೆ ಬೆಂಕಿ ಹಚ್ಚೋಕೆ ಹೊರಟಾಗ ಸರಿಯಾಗಿ ಆಗಲೇ ಮಳೆ ಶುರುವಾದರೆ? ಅದು ಮಳೆ ಅಂತ ಯಾರೂ ನಂಬಲ್ಲ. ಡಿಎಂಗೆ ನಮ್ಮ ಪ್ಲಾನ್ ಇಷ್ಟ ಆಗಲಿಲ್ಲ ಅಂತಲೇ ಅಂದ್ಕೋತಾರೆ. ಒಮ್ಮೆ ಆ ಅನುಮಾನ ಬಂತೋ, ಮುಂದೆ ಉಪಾಯ ಮಾಡೋದನ್ನೇ ಬಿಡ್ತಾರೆ. ದಾಳದ ಮೇಲೆ ಆ ಅನುಮಾನ ಬರಲ್ಲ.

ಬರೀ ದಾಳ ಸಾಲದು ಅನ್ನೋದೂ ಇಲ್ಲೇ ಗೊತ್ತಾಗುತ್ತೆ. ಪುಸ್ತಕದ ಕೋಷ್ಟಕದಲ್ಲಿ ನಾಳೆ ಏನು ಬೇಕಾದರೂ ಆಗಬಹುದು, ಹಾಗಾಗಿ ನಾಳೆಯ ಬಗ್ಗೆ ಯೋಚಿಸಿ ಪ್ರಯೋಜನ ಇಲ್ಲ. ಏಣಿಯಲ್ಲಿ ಹಾಗಲ್ಲ. ಇವತ್ತು 4ನೇ ಮೆಟ್ಟಿಲಲ್ಲಿ ಇದ್ದೀವಿ ಅಂದರೆ ನಾಳೆ ಬಿಸಿಲು ಸಾಧ್ಯವೇ ಇಲ್ಲ. ನಾಡಿದ್ದಿಗೆ ಮೋಡ ಮಾತ್ರ ಉಳಿಯಬೇಕಾದರೂ ಎರಡು ದಿನ ಸತತ 1 ಬೀಳಬೇಕು, ಅದು 36ರಲ್ಲಿ ಒಂದು. ಇದು ಆಟಗಾರರಿಗೂ ಗೊತ್ತಿರುತ್ತೆ. ಆಗ ಟೇಬಲ್ ಮೇಲೆ ನಡೆಯುವ ಮಾತೇ ಬದಲಾಗುತ್ತೆ: ಹೊಳೆ ಎಣಿಕೆ 2 ಇದೆ, ಇವತ್ತೇ ದಾಟೋಣ. ಬೇಡ, ಗಾಯ ಮಾಡ್ಕೊಂಡಿದ್ದೀವಿ, ಇಲ್ಲೇ ಉಳಿಯೋಣ. ಉಳಿದರೆ ಊಟ ಎಷ್ಟು ದಿನಕ್ಕಿದೆ? ಕಾಡಿನಲ್ಲಿ ಇರೋರು ನಿಜವಾಗಲೂ ಮಾತಾಡೋದು ಹೀಗೇ ಅಲ್ವಾ? ರಾಕ್ಷಸ ಬಂದಿಲ್ಲ, ಕತ್ತಿ ಎತ್ತಿಲ್ಲ, ಆದರೂ ಎಲ್ಲರ ಎದೆ ಡವಡವ.

ಮಳೆ ಬರೀ ಶಿಕ್ಷೆ ಆಗಬಾರದು ಅನ್ನೋದೂ ಮುಖ್ಯ. ಜಡಿಮಳೆಯಲ್ಲಿ ನಮಗೆ ಕಾಣದಿದ್ದರೆ ಕಾವಲುಗಾರನಿಗೂ ಕಾಣಲ್ಲ. ಸೋನೆಯಲ್ಲಿ ನಮ್ಮ ಹೆಜ್ಜೆಯೂ ಅಳಿಸುತ್ತೆ. ಮಳೆಗಾಗಿಯೇ ಎರಡು ದಿನ ಕಾದು ಕೋಟೆಯೊಳಗೆ ನುಗ್ಗಿದ ತಂಡ ನಮ್ಮಲ್ಲಿದೆ.

ನಮ್ಮ ಮಳೆಗೆ ನಮ್ಮ ಹೆಸರು

ನಮ್ಮಲ್ಲಿ ಬಹುತೇಕರು ಇಂಗ್ಲಿಷ್ ಮೀಡಿಯಂನವರು. ಆಟ ಶುರು ಮಾಡಿದಾಗ ನಮ್ಮ ಬಾಯಲ್ಲಿ ಇದ್ದದ್ದು ಲೈಟ್ ರೇನ್, ಹೆವಿ ರೇನ್ ಎರಡೇ. ಏಣಿಗೆ ಆರು ಹೆಸರು ಬೇಕಾದಾಗ ಸೋನೆ, ಜಡಿ, ತುಂತುರು, ಆಲಿಕಲ್ಲು ಒಂದೊಂದೇ ಹೊರಬಂತು. ಮಲೆನಾಡಿನ ಗೆಳೆಯನೊಬ್ಬ "ಹೊಳವು" ಅನ್ನೋ ಪದ ಕೊಟ್ಟ. ಮಳೆ ನಡುವೆ ಸ್ವಲ್ಪ ಬಿಡುವು ಕೊಟ್ಟು ಆಕಾಶ ತಿಳಿಯಾಗೋದಕ್ಕೆ ಅಲ್ಲಿ ಹಾಗಂತಾರಂತೆ. ಈಗ ಡಿಎಂ "ಹೊಳವಾಯ್ತು" ಅಂದರೆ ಸಾಕು, ಎಲ್ಲರೂ ಗಂಟುಮೂಟೆ ಕಟ್ಟೋಕೆ ಶುರು.

ಋತು ಬದಲಾಯಿಸೋಕೂ ನಮ್ಮಲ್ಲೇ ಒಂದು ಕ್ಯಾಲೆಂಡರ್ ಇದೆ. ನಮ್ಮ ರೈತರು ಮಳೆಯನ್ನು ನಕ್ಷತ್ರದ ಹೆಸರಲ್ಲಿ ಕರೀತಾರೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರೋದರಿಂದ ಒಂದೊಂದು ಮಳೆಗೂ ಅಷ್ಟೇ ದಿನ. ಜೂನ್ ಎರಡನೇ ವಾರದ ಹೊತ್ತಿಗೆ ಮೃಗಶಿರಾ, 22ರ ಆಸುಪಾಸಿಗೆ ಆರಿದ್ರಾ, ಆಮೇಲೆ ಪುನರ್ವಸು, ಪುಷ್ಯ. ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ ಅಜ್ಜಿ ಹೇಳ್ತಿದ್ದದ್ದು ಇದನ್ನೇ. ಎರಡು ವಾರಕ್ಕೊಮ್ಮೆ ಏಣಿಯ ನಿಯಮ ಸ್ವಲ್ಪ ಬದಲಿಸೋಕೆ ಇದಕ್ಕಿಂತ ಒಳ್ಳೆ ಚೌಕಟ್ಟು ಯಾವ ರೂಲ್‌ಬುಕ್ಕಿನಲ್ಲೂ ನಮಗೆ ಕಂಡಿಲ್ಲ.

ಒಂದೇ ಏಣಿ ಎಲ್ಲ ಕಡೆಗೂ ಒಗ್ಗಲ್ಲ, ಅದೂ ನಿಜ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿಂದ ನೇರ ದೂರ ಅಳೆದರೆ 200 ಕಿಲೋಮೀಟರ್ ಆಸುಪಾಸಿನ ಚಳ್ಳಕೆರೆಯಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ಚಳ್ಳಕೆರೆಯ ಆಟದಲ್ಲಿ ಜನ ಹೊಳೆಗೆ ಹೆದರಲ್ಲ, ಬಾವಿಗೆ ಹೆದರ್ತಾರೆ. ಅಲ್ಲಿ ಎಣಿಸಬೇಕಾದ್ದು ಬಾವಿಯಲ್ಲಿ ಉಳಿದ ನೀರು, ಏಣಿಯ ಮೇಲಿನ ಮೆಟ್ಟಿಲು ಅಂದರೆ ಹಬ್ಬ.

ಹಾಗಾಗಿ ನಮ್ಮ ವಿನಂತಿ ಇಷ್ಟೇ. ಈ ಏಣಿಯನ್ನು ಹಾಗೇ ತಗೊಳ್ಳಬೇಡಿ. ನಿಮ್ಮ ಊರಿನ ಮಳೆಯನ್ನೋ ಬಿಸಿಲನ್ನೋ ಆರು ಮೆಟ್ಟಿಲಲ್ಲಿ ಬರೆದು ನೋಡಿ, ಮನೆಯಲ್ಲಿ ದೊಡ್ಡವರನ್ನು ಕೇಳಿ ಹೆಸರಿಡಿ, ಒಂದು ಸಂಜೆ ಆಡಿ. ಕರಾವಳಿಯವರು, ಬಯಲುಸೀಮೆಯವರು, ಕಲ್ಯಾಣ ಕರ್ನಾಟಕದವರು ಎಲ್ಲ ಬರೆದುಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಒಟ್ಟಿಗೆ ಹಾಕೋಣ. ದಾಳ ನಮ್ಮ ಹತ್ರ ಇದೆ.